ಕೇಳದೆ ನುಗ್ಗುವ ಜಾಹೀರಾತು



ಊರಿನ ಸುದ್ದಿ ಓದೋಣವೆಂದು ಕನ್ನಡ ತಾಣ ತೆರೆದರೆ ಸುದ್ದಿಗಿಂತ ಮೊದಲು ಜಾಹೀರಾತು ಪರದೆ ಮುಚ್ಚುತ್ತದೆ. ಈ ರೋಗಕ್ಕೂ ಮದ್ದಿಗೂ ನಮ್ಮ ಬೇ ಏರಿಯಾದ ನಂಟಿದೆ. 1994ರ ಅಕ್ಟೋಬರ್‌ನಲ್ಲಿ ಬ್ಯಾನರ್ ಜಾಹೀರಾತಿಗೆ ದಾರಿ ತೋರಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಹಾಟ್‌ವೈರ್ಡ್. 2004ರಲ್ಲಿ ಮೌಂಟನ್ ವ್ಯೂನ ಮೊಜಿಲ್ಲಾ ತಂದ ಫೈರ್‌ಫಾಕ್ಸ್ 1.0 ಪಾಪ್‌ಅಪ್‌ಗಳನ್ನು ತಡೆಯಿತು.

ಇಂದು ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಸೇರಿಸಿದರೆ ಬಹುಪಾಲು ಕಾಟ ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ನನ್ನ ಮಾಹಿತಿ ಮಾರಬೇಡಿ' ಎಂಬರ್ಥದ ಆಯ್ಕೆಗೂ ಗುರುತು ಹಾಕಿ. ಕ್ಯಾಲಿಫೋರ್ನಿಯಾ ಕಾನೂನಿನ ವ್ಯಾಪ್ತಿಗೆ ಬರುವ ಕಂಪನಿಗಳು ಆ ಸೂಚನೆ ಪಾಲಿಸಲೇಬೇಕು. ಪಾಲಿಸಲಿಲ್ಲವೆಂಬುದೂ ಸೇರಿದ ಆರೋಪಗಳಿಗೆ 2022ರಲ್ಲಿ ಸೆಫೋರಾ 12 ಲಕ್ಷ ಡಾಲರ್ ತೆತ್ತಿತು.

ಆದರೆ ಒಂದು ಮಾತು. ಎಷ್ಟೋ ಕನ್ನಡ ತಾಣಗಳು ಜಾಹೀರಾತನ್ನೇ ನಂಬಿ ಬದುಕಿವೆ. ಓದಿಯೂ ಏನೂ ಕೊಡದಿದ್ದರೆ ಸೊರಗುವುದು ನಮ್ಮ ನುಡಿಯೇ. ಹಾಗಾಗಿ ಸಭ್ಯವಾಗಿ ಬದಿಯಲ್ಲಿ ಜಾಹೀರಾತು ಹಾಕುವ ತಾಣಕ್ಕೆ ಯುಬ್ಲಾಕ್‌ನ ಗುಂಡಿ ಒತ್ತಿ ವಿನಾಯಿತಿ ಕೊಡಿ. ಪರದೆ ಮುಚ್ಚುವ ತಾಣದ ಸಂಪಾದಕರಿಗೆ ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಚಂದಾ ಇದ್ದರೆ ಕಟ್ಟಿ. ತಿಂಗಳಿಗೊಂದು ಕಾಫಿಯ ದುಡ್ಡು ನಮಗೆ ಭಾರವಲ್ಲ, ಅವರಿಗೆ ಆಸರೆ.