ನೋಬಿತಾನ ಸಿನಿಮಾ, ನಮ್ಮ ಮಕ್ಕಳ ಸಿನಿಮಾ
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನನಗೆ ಕೊಟ್ಟ ವಿಷಯ 'ಮಕ್ಕಳು ಮತ್ತು ಮೊಬೈಲ್'. ಈ ವಿಷಯದ ಮೇಲೆ ಏನು ಹೇಳುತ್ತಾರೆ ಅನ್ನೋದು ನಿಮಗೆಲ್ಲ ಬಾಯಿಪಾಠ ಆಗಿದೆ. ಕಣ್ಣು ಹಾಳು, ನಿದ್ದೆ ಹಾಳು, ಓದು ಹಾಳು. ಅದನ್ನೇ ಇನ್ನೊಂದು ಸಲ ಹೇಳಲು ನಾನು ಶೋಲಿಂಗನಲ್ಲೂರಿನಿಂದ ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಬರಬೇಕಾಗಿರಲಿಲ್ಲ. ಆದ್ದರಿಂದ ಒಂದು ಕಾರ್ಟೂನಿನ ಬಗ್ಗೆ ಮಾತಾಡುತ್ತೇನೆ, ಅಧ್ಯಕ್ಷರು ಕ್ಷಮಿಸಬೇಕು.

ಡೋರೇಮಾನ್ ಯಾರಿಗೆ ಗೊತ್ತಿಲ್ಲ? ನೀಲಿ ಬಣ್ಣದ, ಕಿವಿಯಿಲ್ಲದ ರೋಬೋ ಬೆಕ್ಕು. ಫುಜಿಕೋ ಎಫ್. ಫುಜಿಯೋ ಬರೆದ ಜಪಾನಿ ಕಾಮಿಕ್ಸ್ ಅದು, ಶುರುವಾಗಿದ್ದು 1969ರ ಕೊನೆಯಲ್ಲಿ. ಅದರ ಒಂದು ಕಥೆ 'ನೋಬಿತಾಸ್ ಲಿಟಲ್ ಸ್ಟಾರ್ ವಾರ್ಸ್'. 1985ರಲ್ಲಿ ಚಲನಚಿತ್ರವಾಗಿ ಬಂತು, 2022ರಲ್ಲಿ ಹೊಸದಾಗಿ ಮಾಡಿ ಮತ್ತೆ ಬಿಡುಗಡೆ ಮಾಡಿದರು. ಸುನಿಯೋ, ಜಿಯಾನ್ ಸೇರಿಕೊಂಡು ಆಟಿಕೆ ರಾಕೆಟ್‌ಗಳನ್ನು ಇಟ್ಟುಕೊಂಡು ಬಾಹ್ಯಾಕಾಶ ಯುದ್ಧದ ಸಿನಿಮಾ ತೆಗೆಯುತ್ತಿರುತ್ತಾರೆ. ನೋಬಿತಾ ಎಂದಿನಂತೆ ಎಡವಟ್ಟು ಮಾಡುತ್ತಾನೆ, ಅವನನ್ನು ತಂಡದಿಂದ ಹೊರಗೆ ಹಾಕುತ್ತಾರೆ. ಅವನು ಡೋರೇಮಾನ್ ಹತ್ತಿರ ಅತ್ತು, ಶಿಝುಕಾಳನ್ನು ಕರೆದುಕೊಂಡು, ಅವಳ ಬೊಂಬೆಯನ್ನಿಟ್ಟು ತನ್ನದೇ ಸಿನಿಮಾ ಶುರುಮಾಡುತ್ತಾನೆ. ಆಮೇಲೆ ನಿಜವಾದ ಪುಟ್ಟ ಅನ್ಯಗ್ರಹವಾಸಿ ಬಂದು ಕಥೆ ಎಲ್ಲೆಲ್ಲೋ ಹೋಗುತ್ತದೆ. ನನಗೆ ಇಷ್ಟವಾದದ್ದು ಮೊದಲ ಇಪ್ಪತ್ತು ನಿಮಿಷ ಮಾತ್ರ, ಆ ಸಿನಿಮಾ ತೆಗೆಯುವ ಭಾಗ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಒಂಬತ್ತು ವರ್ಷದ ಮಗಳೂ ಅವಳ ನಾಲ್ವರು ಗೆಳೆಯರೂ ಅದನ್ನು ನೋಡಿ, "ನಾವೂ ಮೂವಿ ತೆಗೀತೀವಿ" ಅಂತ ನನ್ನ ಹಳೆಯ ಫೋನು ಕೇಳಿದರು. ಐವರೂ ಕನ್ನಡದ ಮನೆಯ ಮಕ್ಕಳೇ. ಆದರೆ ಅವರವರೊಳಗೆ ಮಾತು ತಮಿಳು, ಇಂಗ್ಲಿಷ್. ಇದು ನಿಮ್ಮ ಮನೆಯ ಕಥೆಯೂ ಹೌದು ಅಂತ ನನಗೆ ಗೊತ್ತು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ನಮ್ಮ ಅಮ್ಮ ಅರಸೀಕೆರೆ ಕಡೆಯ ಹಳ್ಳಿಯಲ್ಲಿದ್ದಾರೆ. ಭಾನುವಾರ ಫೋನು ಬಂದರೆ ನನ್ನ ಮಗಳ ಮಾತು "ಹಲೋ ಅಜ್ಜಿ, ಊಟ ಆಯ್ತಾ, ಅಮ್ಮಂಗೆ ಕೊಡ್ತೀನಿ" ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮ ಒಮ್ಮೆ ಕೇಳಿದರು, "ಅವಳಿಗೆ ನನ್ನ ಕಂಡ್ರೆ ಆಗಲ್ವೇನೇ?" ಆಗಲ್ಲ ಅಂತಲ್ಲಮ್ಮ, ಅವಳ ಹತ್ತಿರ ಮಾತಿಲ್ಲ ಅಂತ ಹೇಗೆ ಹೇಳೋದು?

ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ನೋಬಿತಾ ತಮಿಳು ಮಾತಾಡುತ್ತಾನೆ. ಕನ್ನಡ ಚಿತ್ರರಂಗದಲ್ಲಿ 1960ರ ದಶಕದಿಂದ ಡಬ್ಬಿಂಗ್ ಬೇಡ ಅನ್ನೋ ಕಟ್ಟುಪಾಡು ಇತ್ತು. ಅದಕ್ಕೆ ಅಂದಿನ ಕಾರಣಗಳಿದ್ದವು, ಮದ್ರಾಸಿನ ಸ್ಟುಡಿಯೋಗಳ ನೆರಳಿನಲ್ಲೇ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲ ಅದು. ಆದರೆ ಅದರ ಏಟು ಬಿದ್ದದ್ದು ಮಕ್ಕಳಿಗೂ ಹೌದು. 2009ರಲ್ಲಿ ಚಿಂಟು ಟಿವಿ ಬಂದಮೇಲೆ ಮಕ್ಕಳಿಗೆ ಕನ್ನಡದಲ್ಲೇ ಒಂದು ಚಾನೆಲ್ ಸಿಕ್ಕಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದಿತು. ನನ್ನ ಅಭಿಪ್ರಾಯ ಕೇಳಿದರೆ, ಕಾರ್ಟೂನನ್ನಾದರೂ ಮೊದಲೇ ಬಿಡಬೇಕಿತ್ತು. ಇರಲಿ, ಆ ಜಗಳ ಇವತ್ತು ಬೇಡ.

ನಾನು ಫೋನು ಕೊಡಲು ಒಂದೇ ಷರತ್ತು ಹಾಕಿದೆ: ಸಿನಿಮಾ ಕನ್ನಡದಲ್ಲಿರಬೇಕು. ಐದು ಮುಖಗಳೂ ಬಾಡಿದವು. ಆದರೆ ಫೋನು ಬೇಕಿತ್ತಲ್ಲ, ಒಪ್ಪಿದರು.

ಅವರ ಕಥೆ ಹೀಗೆ. ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ರಾಕೆಟ್ ಇಳಿಯುತ್ತದೆ. ಅದರಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಜೀವಿ, ಹಸಿದಿದೆ. ಒಬ್ಬ ಅಜ್ಜಿ ಅದಕ್ಕೆ ಊಟ ಹಾಕುತ್ತಾಳೆ. ಜೀವಿಯನ್ನು ಜೇಡಿಮಣ್ಣಿನಲ್ಲಿ ಮಾಡಿದರು. ಅದು ನಡೆಯಬೇಕಲ್ಲ? ಇಲ್ಲಿ ನನ್ನ ಎಂಟೆಕ್ ಸ್ವಲ್ಪ ಕೆಲಸಕ್ಕೆ ಬಂತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಬೊಂಬೆಯಾಟಕ್ಕೆ 12 ಸಾಕು. ಒಂದು ಫೋಟೋ, ಬೊಂಬೆಯನ್ನು ಕೂದಲೆಳೆಯಷ್ಟು ಸರಿಸು, ಇನ್ನೊಂದು ಫೋಟೋ. ಇಪ್ಪತ್ತು ಸೆಕೆಂಡಿನ ನಡಿಗೆಗೆ 240 ಫೋಟೋ. ಮಧ್ಯದಲ್ಲಿ ಯಾರಾದರೂ ಸ್ಟ್ಯಾಂಡ್ ಮುಟ್ಟಿದರೆ ಮೊದಲಿಂದ. ಇಡೀ ದಿನ 'ಸ್ಕ್ರೀನ್ ಟೈಮ್' ಅಂತ ಬೈಯುವ ನಾನು, ಮಕ್ಕಳು ಎರಡು ಗಂಟೆ ಉಸಿರು ಬಿಗಿಹಿಡಿದು ಮಣ್ಣಿನ ಕಾಲು ಸರಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಮೇ ತಿಂಗಳ ಚೆನ್ನೈ ತಾರಸಿ ನಿಮಗೆ ಹೇಳಬೇಕಿಲ್ಲ. ಬೆಳಿಗ್ಗೆ ಆರರಿಂದ ಏಳೂವರೆ, ಅಷ್ಟೇ ಶೂಟಿಂಗ್. ಎಂಟಕ್ಕೆ ಕಾಲಿಟ್ಟರೆ ದೋಸೆ ಹಂಚು. ಮೇಲೆ ಗಾಳಿಯ ಸದ್ದು ಬೇರೆ, ಫೋನಿನಲ್ಲಿ ಮಾತೇ ಕೇಳದು. ಹಾಗಾಗಿ ಮಾತನ್ನೆಲ್ಲ ಆಮೇಲೆ ಬೀರುವಿನೊಳಗೆ, ಸೀರೆಗಳ ಮಧ್ಯೆ ಕೂತು ರೆಕಾರ್ಡ್ ಮಾಡಿದರು. ರೇಷ್ಮೆ ಸೀರೆಗಿಂತ ಕಾಟನ್ ಸೀರೆ ಪ್ರತಿಧ್ವನಿ ಚೆನ್ನಾಗಿ ಹೀರುತ್ತದೆ ಅಂತ ಅವರೇ ಕಂಡುಹಿಡಿದರು.

ಅಜ್ಜಿಯ ಮಾತು ಯಾರು ಆಡೋದು? ನನ್ನ ಮಗಳು ಇಂಗ್ಲಿಷಿನಲ್ಲಿ ಬರೆದು, ಫೋನಿನಲ್ಲಿ ಅನುವಾದ ಮಾಡಿಸಿ, ಅರಸೀಕೆರೆಗೆ ಫೋನು ಹಚ್ಚಿದಳು. "ಅಜ್ಜಿ, ಇದನ್ನ ಹೇಳಿ: ನೀನು ಎಲ್ಲಿಂದ ಬಂದಿರುವೆ? ನಿನಗೆ ಹಸಿವಾಗಿದೆಯೇ?" ಅತ್ತಲಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಗು. "ಯಾವ ಅಜ್ಜಿ ಹಂಗ್ ಮಾತಾಡ್ತಾಳೇ? 'ಯಾವೂರೋ ಮಗಾ ನಿಂದು? ಉಂಡ್ಯಾ?' ಅನ್ನಬೇಕು." ಆಮೇಲೆ ಅಮ್ಮನ ಪ್ರಶ್ನೆಗಳು ಶುರು. ಅದು ಗಂಡೋ ಹೆಣ್ಣೋ, ಅದಕ್ಕೆ ಹಲ್ಲಿದೆಯಾ, ಹಲ್ಲಿಲ್ಲದಿದ್ದರೆ ಚಪಾತಿ ಯಾಕೆ ಕೊಡ್ತೀರಿ, ನುಚ್ಚಿನುಂಡೆ ಕೊಡಿ. ನನ್ನ ಮಗಳು ಪ್ರತಿಯೊಂದಕ್ಕೂ ಉತ್ತರ ಕೊಡಬೇಕಾಯಿತು. ಅರ್ಧ ತಪ್ಪು ಕನ್ನಡ, ನಡುವೆ ತಮಿಳು. ನಾನು ಅಡುಗೆಮನೆಯಿಂದ ಆಚೆ ಬರಲಿಲ್ಲ. ಆ ಫೋನು ನಲವತ್ತು ನಿಮಿಷ ನಡೆಯಿತು. ಮಾರನೇ ದಿನ ಅಮ್ಮನೇ ಫೋನು ಮಾಡಿದರು, ನನಗಲ್ಲ, ಡೈರೆಕ್ಟರಿಗೆ.

ಡೈರೆಕ್ಟರ್ ಅಂದೆ. ಇಲ್ಲಿ ಒಂದು ಮಾತು. ಡೋರೇಮಾನ್ ಗುಂಪಿನಲ್ಲಿ ಇರುವ ಹುಡುಗಿ ಒಬ್ಬಳೇ, ಶಿಝುಕಾ. ಅವಳ ಬೊಂಬೆ ಬೇಕು, ಅವಳು ಬೇಕು, ಆದರೆ ಆಲೋಚನೆ ಹುಡುಗರದು. ನಮ್ಮ ತಾರಸಿಯಲ್ಲೂ ಮೊದಲ ದಿನ ಹುಡುಗರು ಕ್ಯಾಮೆರಾ, ಹುಡುಗಿಯರು ಡ್ಯಾನ್ಸ್ ಅಂತ ಹಂಚಿಕೊಂಡಿದ್ದರು. ನಾವಿರುವ ಊರು ಯಾವುದು? ಟಿ.ಪಿ. ರಾಜಲಕ್ಷ್ಮಿ 1936ರಲ್ಲೇ 'ಮಿಸ್ ಕಮಲಾ' ಎಂಬ ತಮಿಳು ಚಿತ್ರ ನಿರ್ದೇಶಿಸಿದವರು. ನಮ್ಮ ಎಂ.ವಿ. ರಾಜಮ್ಮ 1943ರಲ್ಲಿ 'ರಾಧಾರಮಣ' ನಿರ್ಮಿಸಿದರು. 'ಫಣಿಯಮ್ಮ' ಮಾಡಿದ ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಯಲ್ಲಿ ದುಡಿದವರು. ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ಅವರಿಗೆ ಏನೂ ಅನ್ನಿಸಲಿಲ್ಲ. "ಸರದಿ ಪ್ರಕಾರ ಎಲ್ಲರೂ ಕ್ಯಾಮೆರಾ ಹಿಡೀಬೇಕು, ಇಲ್ಲಾಂದ್ರೆ ಫೋನು ವಾಪಸ್" ಅಂದೆ. ಅದು ಅರ್ಥವಾಯಿತು.

ಇನ್ನು ನಮ್ಮ ನೋಬಿತಾನ ಕಥೆ. ಮೂರನೇ ಮಹಡಿಯ ಹುಡುಗನಿಗೆ ಟೇಕ್ ಶುರುವಾದರೆ ನಗು. ನೂರ ಎಪ್ಪತ್ತನೆಯ ಫೋಟೋದಲ್ಲಿ ನಕ್ಕು ಸ್ಟ್ಯಾಂಡ್ ಬೀಳಿಸಿದ. ಎಲ್ಲರೂ ಸೇರಿ ಹೊರಗೆ ಹಾಕಿದರು. ಕಾರ್ಟೂನಿನಲ್ಲಿ ಅದೇ ದೃಶ್ಯಕ್ಕೆ ಅಯ್ಯೋ ಪಾಪ ಅಂದ ಮಕ್ಕಳೇ! ಅವನ ಅಮ್ಮ ಎರಡು ದಿನ ನನ್ನ ಜೊತೆ ಲಿಫ್ಟಿನಲ್ಲಿ ಮಾತಾಡಲಿಲ್ಲ. ನಾನು ಮಧ್ಯೆ ಹೋಗಿ ರಾಜಿ ಮಾಡಿಸಬೇಕು ಅಂದುಕೊಳ್ಳುವಷ್ಟರಲ್ಲಿ ಸುದ್ದಿ ಬಂತು, ಅವನೂ ಅವನ ಆರು ವರ್ಷದ ತಂಗಿಯೂ ಬೇರೆ ಸಿನಿಮಾ ತೆಗೆಯುತ್ತಿದ್ದಾರಂತೆ. ಕ್ಯಾಮೆರಾ ತಂಗಿಯದು. ಅವರ ಮನೆಯಲ್ಲಿ ಬೆಳಿಗ್ಗೆ ನಡೆಯುವ ಗಡಿಬಿಡಿಯೇ ಕಥೆ. ತಂಗಿಯ ಎತ್ತರದಿಂದ ತೆಗೆದದ್ದರಿಂದ ದೊಡ್ಡವರ ಮುಖವೇ ಇಲ್ಲ, ಬರೀ ಸೀರೆಯ ನೆರಿಗೆ, ಪ್ಯಾಂಟು, ಚಪ್ಪಲಿ, ಓಡುವ ಕಾಲುಗಳು. ಮೇಲಿನಿಂದ ಬೈಗುಳ ಮಾತ್ರ ಕೇಳುತ್ತದೆ, ಅದು ಅಚ್ಚ ಮಂಡ್ಯದ ಕನ್ನಡ. ನನ್ನ ಪ್ರಕಾರ ಎರಡರಲ್ಲಿ ಅದೇ ಚೆನ್ನಾಗಿದೆ. ಮಗಳ ಮುಂದೆ ಹೇಳಿಲ್ಲ, ಈಗ ಕೇಳಿಸಿಕೊಂಡಳು.

ಮಕ್ಕಳ ಇಂಥ ಹುಚ್ಚಿಗೆ ದೊಡ್ಡ ಪರಂಪರೆಯೇ ಇದೆ. ಅಮೆರಿಕದ ಮಿಸಿಸಿಪಿಯಲ್ಲಿ ಮೂವರು ಹುಡುಗರು 1982ರಲ್ಲಿ, 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ನೋಡಿದ ಮೋಹಕ್ಕೆ, ಅದನ್ನು ಒಂದೊಂದೇ ದೃಶ್ಯವಾಗಿ ತಾವೇ ಮತ್ತೆ ತೆಗೆಯಲು ಹೊರಟರು. ಮುಗಿದದ್ದು 1989ರಲ್ಲಿ. ಒಂದು ದೃಶ್ಯದಿಂದ ಇನ್ನೊಂದಕ್ಕೆ ನಾಯಕನ ದನಿಯೇ ಒಡೆದಿರುತ್ತದೆ. ನಮ್ಮ ದೇಶದ ಮಾಲೆಗಾಂವ್‌ನಲ್ಲಿ ನಾಸಿರ್ ಶೇಖ್ ಮತ್ತು ಗೆಳೆಯರು ಸೈಕಲ್ಲಿನ ಮೇಲೆ ಕ್ಯಾಮೆರಾ ಓಡಿಸಿ, ಎತ್ತಿನ ಗಾಡಿಯನ್ನು ಕ್ರೇನ್ ಮಾಡಿಕೊಂಡು ಊರವರಿಗಾಗಿ ಸಿನಿಮಾ ತೆಗೆದರು. ಅವರ ಮೇಲೆ ಫೈಝಾ ಅಹ್ಮದ್ ಖಾನ್ ಎಂಬ ಮಹಿಳೆ ಸಾಕ್ಷ್ಯಚಿತ್ರ ಮಾಡಿದ್ದಾರೆ, 'ಸೂಪರ್‌ಮೆನ್ ಆಫ್ ಮಾಲೆಗಾಂವ್'. ಸಿಕ್ಕರೆ ಮಕ್ಕಳ ಜೊತೆ ಕೂತು ನೋಡಿ.

ನನ್ನ ಮಗಳು ಈಗ ಕನ್ನಡ ಪಟಪಟ ಮಾತಾಡುತ್ತಾಳೆ ಅಂತ ನಾನು ಹೇಳುವುದಿಲ್ಲ. ಶಾಲೆ ತೆರೆದಮೇಲೆ ಮತ್ತೆ ಇಂಗ್ಲಿಷೇ. ಆದರೆ ಭಾನುವಾರದ ಫೋನು ಅವಳ ಕೈಗೆ ಹೋದರೆ ನನಗೆ ಬೇಗ ಸಿಗುವುದಿಲ್ಲ. ಅಮ್ಮ ಮುಂದಿನ ಸಿನಿಮಾಕ್ಕೆ ಕಥೆ ಹೇಳುತ್ತಿದ್ದಾರಂತೆ. ಅದರಲ್ಲಿ ದೆವ್ವ ಇದೆ, ಹುಣಸೆಮರ ಇದೆ. ಶೋಲಿಂಗನಲ್ಲೂರಿನಲ್ಲಿ ಹುಣಸೆಮರ ಎಲ್ಲಿದೆ ಅಂತ ಹುಡುಕುತ್ತಿದ್ದೇವೆ, ಗೊತ್ತಿದ್ದವರು ತಿಳಿಸಿ.

ಈಗ ಎರಡೂ ಚಿತ್ರ ತೋರಿಸುತ್ತೇನೆ, ಒಟ್ಟು ಏಳು ನಿಮಿಷ. ಮೊದಲು ಮೂರನೇ ಮಹಡಿಯವರದು. ಆ ಬದಿಯ ದೀಪ ಆರಿಸಿ. ಸೆಖೆಯಾದರೂ ಸ್ವಲ್ಪ ಹೊತ್ತು ಫ್ಯಾನ್ ನಿಲ್ಲಿಸಬೇಕು ಅಕ್ಕಾ, ಅಜ್ಜಿಯ ದನಿ ಫೋನಿನಲ್ಲಿ ತೆಗೆದದ್ದು, ತುಂಬ ಮೆಲ್ಲಗಿದೆ.