ಹಿಡಿ ಅಕ್ಕಿ, ಎರಡು ಕಾಸು



ನಿಮ್ಮ ಊರಿನ ಚರ್ಚಿನ ಮುಂದೆ ನೀವು ಎಷ್ಟೋ ಸಲ ಹಾದುಹೋಗಿರುತ್ತೀರಿ. ನಿಮ್ಮಲ್ಲಿ ಕೆಲವರು ಪ್ರತಿ ಭಾನುವಾರ ಅದರ ಒಳಗೆ ಕೂರುವವರೂ ಇರಬಹುದು. ಆ ಕಟ್ಟಡಕ್ಕೆ ಸುಣ್ಣ ಬಳಿಸುವ ಖರ್ಚು, ಸಭಾಪಾಲಕರ ಸಂಬಳ, ದೀಪದ ಬಿಲ್ಲು ಇವನ್ನೆಲ್ಲ ಕೊಡುವವರು ಯಾರೆಂದು ಯೋಚಿಸಿದ್ದೀರಾ? "ಹೊರದೇಶದಿಂದ ಹಣ ಬರುತ್ತದೆ" ಎಂದು ಥಟ್ಟನೆ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಈ ಉತ್ತರ ಎಷ್ಟು ಅರೆಬರೆಯದೆಂದು ತೋರಿಸಲು ನಿಮ್ಮನ್ನು ಮೊದಲು ಮಿಜೋರಾಮಿನ ಅಡಿಗೆಮನೆಯೊಂದಕ್ಕೆ ಕರೆದೊಯ್ಯುತ್ತೇನೆ.

ಅಲ್ಲಿ ಅನ್ನಕ್ಕೆ ಅಕ್ಕಿ ಅಳೆಯುವ ಗೃಹಿಣಿ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ. ಒಲೆ ಹೊತ್ತಿಸಿದಾಗಲೆಲ್ಲ ಹೀಗೆಯೇ. ಸಭೆಯ ಮಹಿಳೆಯರು ಮನೆಮನೆಗೂ ಹೋಗಿ ಈ ಅಕ್ಕಿಯನ್ನು ಕೂಡಿಸುತ್ತಾರೆ. ಸಭೆ ಅದನ್ನು ಮಾರಿ, ಬಂದ ಹಣವನ್ನು ತನ್ನ ಸೇವಾಕಾರ್ಯಗಳಿಗೆ ಬಳಸುತ್ತದೆ. ಮಿಜೋ ಭಾಷೆಯಲ್ಲಿ ಇದರ ಹೆಸರು 'ಬುಫಾಯ್ ಥಾಮ್', ಎಂದರೆ ಹಿಡಿ ಅಕ್ಕಿ. ಆರಂಭವಾದದ್ದು 1910ರಲ್ಲಿ. ಆಗ ಆ ಗುಡ್ಡಗಾಡಿನಲ್ಲಿ ಕಾಸಿನ ಓಡಾಟವೇ ಕಡಿಮೆ. ಹೆಂಗಸರ ಕೈಗೆ ಹಣ ಸಿಗುತ್ತಿದ್ದುದು ಇನ್ನೂ ಕಡಿಮೆ. ಆದರೆ ಅಕ್ಕಿ ಅಳೆಯುವ ಕೈ ಅವರದೇ ಆಗಿತ್ತು!

ಪದ್ಧತಿ ಬೇರೂರುವ ಮೊದಲೇ, 1911-12ರಲ್ಲಿ, 'ಮೌತಾಮ್' ಎಂಬ ಬರ ಬಂತು. ಸುಮಾರು 48 ವರ್ಷಕ್ಕೊಮ್ಮೆ ಅಲ್ಲಿನ ಒಂದು ಜಾತಿಯ ಬಿದಿರು ಒಟ್ಟಿಗೇ ಹೂಬಿಡುತ್ತದೆ. ಬಿದಿರಕ್ಕಿ ತಿಂದ ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಆಮೇಲೆ ಗದ್ದೆಗೆ ನುಗ್ಗುತ್ತವೆ. 1958-59ರಲ್ಲಿ ಮತ್ತೆ ಅದೇ ಕಥೆ. ಅಂಥ ಎರಡು ಬರಗಳನ್ನು ದಾಟಿ, ನೂರು ವರ್ಷ ಕಳೆದ ಮೇಲೂ ಈ ಪದ್ಧತಿ ಉಳಿದುಬಂದಿದೆ. ಹಿಡಿಯ ಅಳತೆಯಲ್ಲಿ ಒಂದು ಜಾಣ್ಮೆ ಇದೆ ಎಂದು ನನಗನಿಸುತ್ತದೆ. ಒಲೆಯ ಮೇಲೆ ಏನಾದರೂ ಇರುವ ತನಕ ಒಂದು ಹಿಡಿ ತೆಗೆಯಬಹುದು.

ನಮ್ಮ ನಾಡಿಗೂ ಒಮ್ಮೆ ಇಂಥ ಪರೀಕ್ಷೆ ಬಂದಿತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುಂದೆ ಅವರ ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಹೆಸರಾದವು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರದ ಸೆರೆಗೆ ಬಿದ್ದರು. ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಆಗ ಇಲ್ಲಿಯ ಸಭೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾಯಿತು. ಕರಾವಳಿಯ ಚರ್ಚುಗಳಲ್ಲಿ ಕೊಯ್ಲಿನ ಹಬ್ಬದ ದಿನ ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಕೋಳಿಗಳನ್ನು ಅರ್ಪಿಸಿ, ಆರಾಧನೆಯ ನಂತರ ಏಲಂ ಹಾಕುವುದನ್ನು ನೀವು ಈಗಲೂ ನೋಡಬಹುದು.

ಈ ಕೊಡುಗೆಯ ಹಿಂದಿರುವ ಭಾವನೆಗೆ ಕನ್ನಡದಲ್ಲಿ ಒಳ್ಳೆಯ ಪದವಿದೆ: ಪಾರುಪತ್ಯ. ದೇವಸ್ಥಾನದ ಪಾರುಪತ್ಯಗಾರ ನಿಮಗೆ ಗೊತ್ತು. ಆಸ್ತಿ ಅವನದಲ್ಲ, ನೋಡಿಕೊಳ್ಳುವ ಹೊಣೆ ಅವನದು. ಹೊಲ, ಹಣ, ಆಯುಷ್ಯ ಎಲ್ಲದರಲ್ಲೂ ಮನುಷ್ಯ ಪಾರುಪತ್ಯಗಾರನೇ ಎಂಬುದು ಕ್ರೈಸ್ತರ ನಂಬಿಕೆ. ಹಳೆಯ ಒಡಂಬಡಿಕೆಯಲ್ಲಿ ಬೆಳೆಯ ಹತ್ತನೆಯ ಒಂದು ಪಾಲು ಕೊಡಬೇಕೆಂಬ ನಿಯಮವಿದೆ. ಇದೇ ದಶಮಾಂಶ. ಕೆಲವು ಸಭೆಗಳು ಇಂದಿಗೂ ಅದನ್ನು ಪಾಲಿಸುತ್ತವೆ.

ಇನ್ನು ಬಡ ವಿಧವೆಯ ಕಥೆ. ಆಕೆ ಯೆರೂಸಲೇಮಿನ ದೇವಾಲಯದ ಪೆಟ್ಟಿಗೆಗೆ ಎರಡೇ ಎರಡು ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎಂದು ಯೇಸು ಹೇಳಿದರು. ಕಾಣಿಕೆಯ ಬೋಧನೆಯಲ್ಲಿ ಈ ಕಥೆ ಮತ್ತೆ ಮತ್ತೆ ಬರುತ್ತದೆ. ಆದರೆ ಅದಕ್ಕೆ ತುಸು ಮೊದಲೇ, ವಿಧವೆಯರ ಮನೆಗಳನ್ನು ನುಂಗುವ ಧರ್ಮಪಂಡಿತರನ್ನು ಯೇಸು ಖಂಡಿಸಿದ್ದಾರೆ. ಆ ಭಾಗವನ್ನು ಬಿಟ್ಟು ಎರಡು ಕಾಸಿನ ಕಥೆಯನ್ನಷ್ಟೇ ಹೇಳುವುದು ನ್ಯಾಯವಲ್ಲ. ಕೊಡುವವರ ಹೊಣೆಯಷ್ಟೇ ತೆಗೆದುಕೊಳ್ಳುವವರ ಹೊಣೆಯೂ ದೊಡ್ಡದು. ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರಿಂದ ಹಣ ಕೂಡಿಸಿದಾಗ ಪೌಲನು ಇದನ್ನು ಮರೆಯಲಿಲ್ಲ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಆದಾಯಕ್ಕೆ ತಕ್ಕಂತೆ ತೆಗೆದಿಡಲಿ ಎಂದನು. ಇಷ್ಟೇ ಎಂದು ಕಟ್ಟು ಹಾಕಲಿಲ್ಲ. ಹಣ ಒಯ್ಯಲು ಸಭೆಗಳು ಆರಿಸಿದ ಜನರನ್ನೇ ಜೊತೆಗೆ ಕರೆದುಕೊಂಡನು. ಯಾರೂ ತಪ್ಪು ಹೊರಿಸಬಾರದಲ್ಲ!

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಚರ್ಚಿನಲ್ಲಿ ಕಾಣಿಕೆ ಕೊಟ್ಟವರ ಹೆಸರು, ಮೊತ್ತಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ದೊಡ್ಡ ಮೊತ್ತ ಮೊದಲು. ಕೊನೆಗೆ ಬಂದದ್ದು ಬೀಡಿ ಕಟ್ಟಿ ಬದುಕುತ್ತಿದ್ದ ಅಜ್ಜಿಯೊಬ್ಬರ ಎರಡು ರೂಪಾಯಿ. ಹಿಂದಿನ ಬೆಂಚಿನಲ್ಲಿದ್ದ ನಾವು ಹುಡುಗರು ಕಿಸಕ್ಕನೆ ನಕ್ಕೆವು. ಅಜ್ಜಿ ತಿರುಗಿ ನೋಡಲಿಲ್ಲ. ಆ ನಗು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಮರುವರ್ಷ ಹೆಸರು ಓದುವುದು ನಿಂತಿತು. ಜಮಾಖರ್ಚಿನ ಪಟ್ಟಿಯನ್ನು ಮಾತ್ರ ಬಾಗಿಲ ಬಳಿ ಅಂಟಿಸಿದರು. ಅಜ್ಜಿಗೆ ಓದು ಬಾರದು. ನನ್ನ ತೋಳು ಹಿಡಿದು ನಿಲ್ಲಿಸಿ, "ಓದು ಮಗಾ" ಎಂದರು. ನಾನು ಓದಿದೆ. ಬಡ ಮಕ್ಕಳ ಪುಸ್ತಕಕ್ಕೆ ಇಷ್ಟು, ಬಾವಿ ರಿಪೇರಿಗೆ ಇಷ್ಟು, ಸಭೆಯ ದಿನದ ಚಹಾ ತಿಂಡಿಗೆ ಇಷ್ಟು.

"ಚಹಾಕ್ಕೆ ಎಷ್ಟಂದೆ?" ಎಂದು ಅಜ್ಜಿ ಇನ್ನೊಮ್ಮೆ ಕೇಳಿದರು.