ನಡುವಯಸ್ಸು ದಾಟಿದ ಮೇಲೆ ಒಲಿದ ಮೇಳ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಗೀತವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಆರಿಸಿಕೊಂಡ ವಿಷಯ ಒಂದು ಬ್ಯಾಂಡು. ಬ್ಯಾಂಡು ಎಂದೊಡನೆ ಬೊಮ್ಮನಹಾಳಿನವರಾದ ನಮಗೆ ಮದುವೆಯ ಮೆರವಣಿಗೆಯೇ ಕಣ್ಣಿಗೆ ಕಟ್ಟುತ್ತದೆ. ನಾನು ಹೇಳಹೊರಟಿರುವುದು ಅದನ್ನಲ್ಲ. ಗಿಟಾರು, ಡ್ರಮ್ಮು, ಪಿಟೀಲುಗಳನ್ನು ಕೂಡಿಸಿಕೊಂಡು ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಹಾಡುವ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಮೇಳವನ್ನು. ಐವತ್ತು ವರ್ಷ ದಾಟಿದವನಿಗೆ ಅದು ಮೆಲ್ಲಮೆಲ್ಲನೆ ಹೇಗೆ ಒಲಿಯಿತೆಂಬುದೇ ಇಂದಿನ ನನ್ನ ಮಾತು.

ಶರೀಫರು 1819ರಿಂದ 1889ರವರೆಗೆ ಬಾಳಿದವರು. ಗೋವಿಂದ ಭಟ್ಟರ ಶಿಷ್ಯರು. ಅವರ ಪದಗಳು ಪುಸ್ತಕಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಹಬ್ಬಿದವು. 1953ರ ಅಕ್ಟೋಬರ್ 1ರಂದು ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿತಷ್ಟೆ. ಪದಗಳಿಗೆ ಆ ಸುದ್ದಿ ತಲುಪಲಿಲ್ಲವೆಂದು ತೋರುತ್ತದೆ! ಏಕತಾರಿ, ತಾಳಗಳೊಡನೆ ರಾತ್ರಿಯಿಡೀ ಭಜನೆ ನಡೆಯುತ್ತಿತ್ತು. ಧಾರವಾಡದ ಆಕಾಶವಾಣಿಯಿಂದಲೂ ಹಾಡು ತೇಲಿಬರುತ್ತಿತ್ತು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತು, ಸಿ. ಅಶ್ವತ್ಥರ ಕಂಠ ಮನೆಮನೆಯನ್ನೂ ಹೊಕ್ಕಿತು. ಭಜನೆಯವರ ಧಾಟಿ ಒಂದು, ಅಶ್ವತ್ಥರದು ಇನ್ನೊಂದು. ಎರಡೂ ನಮಗೆ ಸೊಗಸಿದವು.

ಈ ಮೇಳದ ‘ಅಂತರಾಗ್ನಿ’ ಎಂಬ ಮೊದಲ ಸಂಕಲನ ಪ್ರಕಟವಾದುದು 2008ರಲ್ಲಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನನ್ನ ತಮ್ಮನ ಮಗನು ಊರಿಗೆ ಬಂದಾಗ, ಅದರಲ್ಲಿಯ ಸೋರುವ ಮನೆಯ ಪದವನ್ನು ಮೊಬೈಲಿನಲ್ಲಿ ಕೇಳಿಸಿದನು. ನನ್ನ ಕಿವಿಗೆ ಡ್ರಮ್ಮು ಮಾತ್ರ ಬಿದ್ದಿತು, ಪದ ಬೀಳಲಿಲ್ಲ. ಹದಿವಯಸ್ಸಿನಿಂದ ಮೂವತ್ತರೊಳಗೆ ಕೇಳಿದ ಸಂಗೀತವೇ ಮನುಷ್ಯನಲ್ಲಿ ಹೆಚ್ಚಾಗಿ ನೆಲೆಯೂರುತ್ತದೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ನನ್ನಂಥವರ ಬಾಗಿಲು ಮುಚ್ಚಿಹೋಯಿತೆ? ರಾಬರ್ಟ್ ಝಾಯೊನ್ಸ್ ಎಂಬ ವಿದ್ವಾಂಸರು 1968ರಲ್ಲಿ ಬೇರೊಂದು ವಿಚಾರವನ್ನು ಮಂಡಿಸಿದರು: ಮತ್ತೆ ಮತ್ತೆ ಎದುರಾದುದರಲ್ಲಿ ಮನಸ್ಸಿಗೆ ತಾನಾಗಿಯೇ ಒಲವು ಬೆಳೆಯುತ್ತದೆಂದು. ಇದನ್ನು ಪೂರ್ತಿಯಾಗಿ ಒಪ್ಪಲಾರೆ. ಮದುವೆಯ ಬ್ಯಾಂಡನ್ನು ನಾನು ನಲವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಒಲವು ಹುಟ್ಟುವ ಲಕ್ಷಣ ಇನ್ನೂ ಕಾಣದು.

ನನಗೆ ದಾರಿಯಾದುದು ಪದದ ಪರಿಚಯ. ಎಳೆಯರಿಗೆ ಮೊದಲು ನಾದ ಒಲಿಯುತ್ತದೆ, ಅರ್ಥ ಹಿಂದಿನಿಂದ ಬರುತ್ತದೆ. ನನಗೆ ಇದು ತಿರುವುಮುರುವಾಗಿ ನಡೆಯಿತು. ಬಳ್ಳಾರಿಗೆ ಹೋಗಿಬರುವ ಬಸ್ಸಿನಲ್ಲಿ ಆ ಹುಡುಗನು ತುಂಬಿಕೊಟ್ಟಿದ್ದ ಹಾಡುಗಳನ್ನು ಕೇಳುತ್ತಾ ಕೂತಾಗ, ಮುಂದೆ ಬರುವ ಮಾತು ಯಾವುದೆಂದು ನನಗೆ ಮೊದಲೇ ಗೊತ್ತಿರುತ್ತಿತ್ತು. ಆ ಮಾತಿಗಾಗಿ ಕಾಯುತ್ತಾ ಕಾಯುತ್ತಾ ಅದರ ಸುತ್ತಣ ವಾದ್ಯಗಳೂ ಬಳಕೆಯಾದವು. ಕೆಲವು ತಿಂಗಳು ಕಳೆದ ಮೇಲೆ ಪಿಟೀಲಿಗಾಗಿಯೇ ಕಾಯತೊಡಗಿದೆನು! ಒಬ್ಬನು ಎತ್ತಿಕೊಂಡ ಸೊಲ್ಲನ್ನು ಉಳಿದವರು ಕೂಡಿ ಮೇಲೇರಿಸುವಾಗ, ಇದು ನಮ್ಮ ಭಜನೆಯ ಮೇಳವೇ ಅಲ್ಲವೆ ಎನಿಸಿತು.

ಗಾಯಕರಾದ ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುತ್ತಾರೆ. 2010ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿದರು; 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಪ್ರಶಸ್ತಿ ಪಡೆದರು. ಸಂತೋಷವೇ, ಆದರೆ ಲಂಡನ್ನಿನಲ್ಲಿ ಚಪ್ಪಾಳೆ ಬಿದ್ದಿತೆಂದು ಇಲ್ಲಿ ತಲೆದೂಗುವುದು ನನಗೆ ಒಗ್ಗದು. ಅವರ ಹಿಂದಿ, ಇಂಗ್ಲಿಷ್ ಹಾಡುಗಳು ನನ್ನನ್ನು ಮುಟ್ಟಿಲ್ಲ. ಗುಡುಗುಡಿಯ ಪದವನ್ನು ಇನ್ನಷ್ಟು ನಿಧಾನವಾಗಿ ಹಾಡಬಹುದಿತ್ತೆಂದು ಈಗಲೂ ಅನಿಸುವುದುಂಟು.

ಈ ಹಾಡಿನಿಂದ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ನನ್ನ ಮೊಮ್ಮಗನು ಅನಂತಪುರದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾನೆ. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಅರೆಗನ್ನಡ. ಓದಲು ಬರೆಯಲು ಕನ್ನಡ ಬಾರದು. ಒಂದು ರಜೆಯಲ್ಲಿ ನನ್ನ ಜೊತೆ ಈ ಹಾಡು ಕೇಳಿ, “ತಾತ, ಮಾಳಿಗಿ ಅಂದ್ರೇನು?” ಎಂದನು. “ಮಿದ್ದೆ” ಎಂದು ತೆಲುಗಿನಲ್ಲಿ ಹೇಳಿದೆನು. ಕಾಂಕ್ರೀಟಿನ ಮನೆಯಲ್ಲಿ ಬೆಳೆದ ಮಗುವಿಗೆ ಅಷ್ಟರಿಂದ ತಿಳಿಯಬೇಕೆ? ಓಣಿಯಲ್ಲಿ ಪಾಳುಬಿದ್ದ ಹಳೆಯ ಮನೆಗೆ ಕರೆದೊಯ್ದು ಜಂತಿ, ತೊಲೆ, ಮಣ್ಣು ಕುಸಿದು ಬೆಳಕು ಬೀಳುವ ತೂತುಗಳನ್ನು ತೋರಿಸಿದೆನು. ಮಳೆಗಾಲಕ್ಕೆ ಮುಂಚೆ ಸೌಳುಮಣ್ಣು ಹರಡದಿದ್ದರೆ ಮನೆಯೆಲ್ಲ ಸೋರುತ್ತಿದ್ದುದನ್ನೂ ಹೇಳಿದೆನು. ಆದರೆ ಶರೀಫರು ಹೇಳುವ ಮನೆ ಇದಲ್ಲವೆಂದಾಗ, “ಮತ್ತೆ ಯಾವುದು?” ಎಂದು ಕೇಳಿದನು. ಉತ್ತರ ಹೇಳಲಿಲ್ಲ. ಇನ್ನೂ ಕೇಳು ಎಂದೆನು.

ಅವನು ಹಾಡನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡನು. ಎರಡು ಲಿಪಿಗಳೂ ಅಕ್ಕತಂಗಿಯರಲ್ಲವೆ! ತಲೆಕಟ್ಟು ಎಲ್ಲಿ ಬೇರೆ, ಸುಳಿ ಎಲ್ಲಿ ಬೇರೆ ಎಂದು ಅದರ ಕೆಳಗೇ ಕನ್ನಡದಲ್ಲಿ ಬರೆದು ತೋರಿಸಿದೆನು. ರಜೆ ಮುಗಿಯುವುದರೊಳಗೆ ಬಸ್ಸಿನ ಕನ್ನಡ ಫಲಕಗಳನ್ನು ಓದತೊಡಗಿದನು. ಈಗ ತಾನೇ ಶರೀಫರ ಪುಸ್ತಕ ಹಿಡಿದು, ಮೇಳದವರು ಹಾಡದ ಪದಗಳನ್ನೂ ಹುಡುಕುತ್ತಾನೆ.

ನನ್ನ ಮಾತಿನ ತರುವಾಯ ಹಾಡುವವನು ಅವನೇ. ನಮ್ಮೂರ ಭಜನೆಯ ಹಿರಿಯರು ತಾಳ ಹಿಡಿದು ಅವನ ಜೊತೆ ಕೂಡುತ್ತಾರೆ. ಏಕತಾರಿಗೂ ಗಿಟಾರಿಗೂ ಶ್ರುತಿ ಹೊಂದಿಸಲು ಸ್ವಲ್ಪ ಹೊತ್ತು ಹಿಡಿಯುತ್ತದಂತೆ. ಅಲ್ಲಿಯವರೆಗೆ ತಾವೆಲ್ಲರೂ ಶಾಂತರಾಗಿ ಕುಳಿತಿರಬೇಕೆಂದು ಕೋರಿ, ವೇದಿಕೆಯನ್ನು ಅವರಿಗೆ ಬಿಟ್ಟುಕೊಡುತ್ತೇನೆ.